ಚಟವಿಲ್ಲ, ವಯಸ್ಸಾಗಿಲ್ಲ, ಆದರೂ ನಾಲಿಗೆಯ ಹುಣ್ಣು ಮಾಯುತ್ತಿಲ್ಲವೇ?

ಬಾಯಿಹುಣ್ಣನ್ನು ನಮ್ಮ ಮನೆಗಳಲ್ಲಿ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. 'ಮೈಗೆ ಉಷ್ಣ ಆಗಿದೆ' ಎಂದು ಎಳನೀರು ಕುಡಿಸುತ್ತಾರೆ, ತುಪ್ಪ ಹಚ್ಚಿಕೋ ಎನ್ನುತ್ತಾರೆ, ಮೆಡಿಕಲ್ ಶಾಪ್‌ನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತರಿಸುತ್ತಾರೆ. ಬಹುಪಾಲು ಸಲ ಅಷ್ಟರಲ್ಲೇ ಹುಣ್ಣು ಮಾಯುತ್ತದೆ. ಮಾಯದೆ ಉಳಿಯುವ ಹುಣ್ಣಿನ ಬಗ್ಗೆ ಈ ಲೇಖನ. ಅದರಲ್ಲೂ ಇಪ್ಪತ್ತರಿಂದ ನಲವತ್ತೈದರ ನಡುವಿನ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಈ ವಯಸ್ಸಿನ ಹೆಂಗಸಿನ ನಾಲಿಗೆಯ ಮೇಲೆ ಹುಣ್ಣಾದರೆ ಅದು ಕ್ಯಾನ್ಸರ್ ಆಗಿರಬಹುದೇ ಎಂದು ಅವಳಿಗೂ ಅನ್ನಿಸುವುದಿಲ್ಲ, ಮನೆಯವರಿಗೂ ಅನ್ನಿಸುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಅನ್ನಿಸುವುದಿಲ್ಲ. 'ಬೀಡಿ ಸಿಗರೇಟಿಲ್ಲ, ಹೊಗೆಸೊಪ್ಪಿಲ್ಲ, ಇನ್ನೂ ಚಿಕ್ಕ ವಯಸ್ಸು' ಎಂಬ ಸಮಾಧಾನದಲ್ಲೇ ತಿಂಗಳುಗಳು ಉರುಳುತ್ತವೆ. ಕಾಯಿಲೆ ಬೆಳೆಯುವುದು ಆ ತಿಂಗಳುಗಳಲ್ಲೇ.

ಆದ್ದರಿಂದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಮಚ್ಚೆ ಅಥವಾ ಗಂಟು ಬಾಯಿಯಲ್ಲಿದ್ದರೆ, ಮೂರನೆಯ ವಾರ ಮುಗಿಯುವುದರೊಳಗೆ ವೈದ್ಯರು ಅದನ್ನು ನೋಡಿರಬೇಕು. ಚಿಕ್ಕ ವಯಸ್ಸು, ಹೆಣ್ಣು, ಚಟವಿಲ್ಲ ಎಂಬ ಯಾವ ಕಾರಣಕ್ಕೂ ಇದರಲ್ಲಿ ವಿನಾಯಿತಿ ಇಲ್ಲ.

ಅಂಕಿಅಂಶ ಏನು ಹೇಳುತ್ತದೆ?

ಬಾಯಿ ಕ್ಯಾನ್ಸರ್ ಭಾರತಕ್ಕೆ ಹೊಸದಲ್ಲ. ಗ್ಲೋಬೋಕ್ಯಾನ್ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ನ ಸುಮಾರು 1 ಲಕ್ಷ 43 ಸಾವಿರ ಹೊಸ ಪ್ರಕರಣಗಳು ಪತ್ತೆಯಾದವು. ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ತಂಬಾಕು ಜಗಿಯುವ ನಾಡಾದ್ದರಿಂದ ನಮ್ಮಲ್ಲಿ ಕೆನ್ನೆಯ ಒಳಭಾಗ ಮತ್ತು ವಸಡಿನ ಕ್ಯಾನ್ಸರ್ ಹೆಚ್ಚು. ನಾಲಿಗೆಯ ಕ್ಯಾನ್ಸರ್ ಅದರ ಬೆನ್ನಿಗೇ ಇದೆ.

ಇದು ಮುಖ್ಯವಾಗಿ ಐವತ್ತು ದಾಟಿದವರ, ಚಟವಿರುವವರ ಕಾಯಿಲೆ ಎಂಬುದು ಇಂದಿಗೂ ನಿಜ. ಆದರೆ 2011ರಲ್ಲಿ ಅಮೆರಿಕದ ಸಂಶೋಧಕರು ತಮ್ಮ ದೇಶದ ಕ್ಯಾನ್ಸರ್ ನೋಂದಣಿಯ 1975ರಿಂದ 2007ರವರೆಗಿನ ದಾಖಲೆಗಳನ್ನು ತಿರುವಿಹಾಕಿದಾಗ, 18ರಿಂದ 44 ವಯಸ್ಸಿನವರಲ್ಲಿ, ಅದರಲ್ಲೂ ಬಿಳಿಯ ಹೆಂಗಸರಲ್ಲಿ, ನಾಲಿಗೆಯ ಕ್ಯಾನ್ಸರ್ ಏರುತ್ತಿರುವುದು ಕಂಡಿತು. ತಂಬಾಕಿನ ಬಳಕೆ ಇಳಿಯುತ್ತಿದ್ದ ಕಾಲದಲ್ಲಿ ಬಂದ ಏರಿಕೆ ಇದು. ಹೀಗೆ ಚಟವಿಲ್ಲದೆಯೂ ನಾಲಿಗೆಯ ಕ್ಯಾನ್ಸರ್‌ಗೆ ತುತ್ತಾಗುವ ಕಿರಿಯರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಇದಕ್ಕೆ ಖಚಿತ ಕಾರಣ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ.

ಅಮೆರಿಕದ ಕಥೆಗಾರ್ತಿ ಈವಾ ಗ್ರೇಜೆಲ್ ಅವರ ಅನುಭವ ಇದಕ್ಕೆ ಒಂದು ಉದಾಹರಣೆ. ಎಂದೂ ಸಿಗರೇಟು ಸೇದದ ಅವರಿಗೆ ನಾಲಿಗೆಯ ಕ್ಯಾನ್ಸರ್ ಇದೆಯೆಂದು ತಿಳಿದಾಗ ವಯಸ್ಸು 33. ಕಾಯಿಲೆ ಆಗಲೇ ಮುಂದುವರಿದ ಹಂತ ತಲುಪಿತ್ತು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಎರಡನ್ನೂ ದಾಟಿ ಬದುಕುಳಿದ ಅವರು ಮತ್ತೆ ವೇದಿಕೆ ಏರಿದರು. ಬಾಯಿ ತಪಾಸಣೆಯ ಅರಿವು ಮೂಡಿಸುವುದನ್ನೇ ಮುಂದೆ ತಮ್ಮ ಕೆಲಸವಾಗಿಸಿಕೊಂಡರು.

ನಾಲಿಗೆಯ ಮುಂಭಾಗ, ಹಿಂಭಾಗ

ಕನ್ನಡಿಯಲ್ಲಿ ಕಾಣುವ, ಹೊರಗೆ ಚಾಚಬಹುದಾದ ಮುಂದಿನ ಮೂರನೇ ಎರಡು ಭಾಗ ಬಾಯಿಗೆ ಸೇರಿದ್ದು. ಗಂಟಲ ಕಡೆಗಿರುವ ಹಿಂದಿನ ಮೂರನೇ ಒಂದು ಭಾಗ ನಾಲಿಗೆಯ ಬುಡ. ಈ ಎರಡು ಭಾಗಗಳ ಕ್ಯಾನ್ಸರ್‌ಗೆ ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ. ಎಚ್‌ಪಿವಿ ವೈರಸ್ ಮುಖ್ಯವಾಗಿ ಬುಡದ ಮತ್ತು ಟಾನ್ಸಿಲ್‌ನ ಕ್ಯಾನ್ಸರ್‌ಗೆ ಕಾರಣ. ಯುವತಿಯರಲ್ಲಿ ಕಾಣುವ ನಾಲಿಗೆಯ ಮುಂಭಾಗದ ಕ್ಯಾನ್ಸರ್‌ನಲ್ಲಿ ಆ ವೈರಸ್‌ನ ಪಾತ್ರ ತೀರಾ ಕಡಿಮೆ. ಹಾಗಾಗಿ ಎಚ್‌ಪಿವಿ ಲಸಿಕೆಯನ್ನು ಗರ್ಭಕೊರಳಿನ ಕ್ಯಾನ್ಸರ್ ತಡೆಗಾಗಿ ಖಂಡಿತ ಹಾಕಿಸಿಕೊಳ್ಳಿ, ಆದರೆ ಅದರಿಂದ ನಾಲಿಗೆಯ ಹುಣ್ಣಿನ ಬಗ್ಗೆ ನಿಶ್ಚಿಂತೆ ಬೇಡ.

ಅಪಾಯ ಎಲ್ಲೆಲ್ಲಿಂದ?

ತಂಬಾಕು ಮೊದಲನೆಯದು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಹೆಂಗಸರಲ್ಲಿ ಶೇ 12.8 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆ, ಎಂದರೆ ಎಂಟು ಮಂದಿಯಲ್ಲಿ ಒಬ್ಬರು. ಕಡ್ಡಿಪುಡಿ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಹಲ್ಲಿಗೆ ಉಜ್ಜುವ ನಶ್ಯ ಎಲ್ಲವೂ ತಂಬಾಕೇ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಇದನ್ನು ಚಟವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ವೈದ್ಯರು ಕೇಳಿದಾಗ 'ಏನೂ ಇಲ್ಲ' ಎನ್ನುತ್ತಾರೆ.

ಎರಡನೆಯದು ಅಡಿಕೆ. ಇದನ್ನು ಹೇಳುವುದು ಕನ್ನಡ ನಾಡಿನಲ್ಲಿ ಸುಲಭವಲ್ಲ. ಅಡಿಕೆ ನಮ್ಮ ಬೆಳೆ, ನಮ್ಮ ತಾಂಬೂಲ, ಬಾಣಂತಿಗೆ ಊಟದ ನಂತರ ಕೊಡುವ ಎಲೆಯೊಳಗಿನ ವಸ್ತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಎಲೆ ಅಡಿಕೆಯನ್ನೂ ಬರಿಯ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಬ್ಬದ ದಿನ ಒಂದು ತಾಂಬೂಲ ಹಾಕಿಕೊಳ್ಳುವುದಕ್ಕೂ ಬಾಣಂತನದಲ್ಲಿ ಶುರುವಾದ ಅಭ್ಯಾಸ ದಿನಕ್ಕೆ ಆರೇಳು ಸಲಕ್ಕೆ ಬೆಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಸಿಹಿ ಅಡಿಕೆ ಪೊಟ್ಟಣಗಳನ್ನು ಮಕ್ಕಳ ಕೈಗೆ ಕೊಡಲೇಬಾರದು. ಅಡಿಕೆ ಜಗಿಯುವವರಿಗೆ ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ ಅದು ಕ್ಯಾನ್ಸರ್‌ಗೆ ಮುಂಚಿನ ಸ್ಥಿತಿಯಾಗಿರಬಹುದು.

ಮದ್ಯ ಮೂರನೆಯದು. ತಂಬಾಕಿನೊಡನೆ ಮದ್ಯವೂ ಸೇರಿದಾಗ ಅಪಾಯ ಹಲವು ಪಟ್ಟು ಏರುತ್ತದೆ.

ಚಟವಿಲ್ಲದವರಿಗೂ ಅನ್ವಯಿಸುವ ಕೆಲವು ಸಂಗತಿಗಳಿವೆ:

- ಉಜ್ಜಿದರೂ ಹೋಗದ ಬಿಳಿ ಮಚ್ಚೆ. ನಾಲಿಗೆಯ ಅಂಚಿನಲ್ಲಿದ್ದು, ನಡುನಡುವೆ ಕೆಂಪು ಬೆರೆತಿದ್ದರೆ ಹೆಚ್ಚು ಎಚ್ಚರ ಬೇಕು. ತಂಬಾಕು ಬಳಸದ ಹೆಂಗಸರಲ್ಲಿ ಕಾಣುವ ಇಂಥ ಮಚ್ಚೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ, ತಂಬಾಕು ಬಳಸುವವರ ಮಚ್ಚೆಗಿಂತ ಹೆಚ್ಚು.
- ಬಾಯಿಯ ಲೈಕನ್ ಪ್ಲಾನಸ್. ಬಲೆಯಂಥ ಬಿಳಿ ಗೆರೆಗಳ, ಉರಿ ತರುವ ಈ ತೊಂದರೆ ಹೆಂಗಸರಲ್ಲೇ ಹೆಚ್ಚು. ಕ್ಯಾನ್ಸರ್‌ಗೆ ತಿರುಗುವುದು ಅಪರೂಪ, ಆದರೂ ವರ್ಷವರ್ಷ ತೋರಿಸಿಕೊಳ್ಳಬೇಕು.
- ದೀರ್ಘಕಾಲದ ಕಬ್ಬಿಣಾಂಶದ ಕೊರತೆ. ಇದರಿಂದ ಬಾಯಿ, ಗಂಟಲಿನ ಒಳಪದರ ತೆಳುವಾಗುತ್ತದೆ. ನುಂಗಲು ತೊಂದರೆಯೂ ಜೊತೆಗಿದ್ದರೆ ಕಡೆಗಣಿಸಬಾರದು.
- ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ. ಅಂಗಾಂಗ ಕಸಿಯಾದವರು ಈ ಗುಂಪಿಗೆ ಸೇರುತ್ತಾರೆ. ಫ್ಯಾಂಕೋನಿ ರಕ್ತಹೀನತೆಯಂಥ ಅಪರೂಪದ ಆನುವಂಶಿಕ ಕಾಯಿಲೆ ಇರುವವರಿಗೂ ಅಪಾಯ ಹೆಚ್ಚು.
- ಮೊನಚು ಹಲ್ಲು, ಮುರಿದ ಹಲ್ಲು, ಸರಿಯಾಗಿ ಕೂರದ ಹಲ್ಲುಸೆಟ್ಟು. ಒಂದೇ ಜಾಗಕ್ಕೆ ವರ್ಷಗಟ್ಟಲೆ ತಾಗುವ ಗಾಯಕ್ಕೂ ನಾಲಿಗೆಯ ಕ್ಯಾನ್ಸರ್‌ಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಲ್ಲನ್ನು ನುಣುಪು ಮಾಡಿಸುವುದು ದಂತವೈದ್ಯರಿಗೆ ಕೆಲವೇ ನಿಮಿಷದ ಕೆಲಸ.

ಸಾಮಾನ್ಯ ಹುಣ್ಣು, ಅನುಮಾನದ ಹುಣ್ಣು

ಸಾಮಾನ್ಯ ಬಾಯಿಹುಣ್ಣು ಚಿಕ್ಕದು, ದುಂಡು, ನಡುವೆ ಹಳದಿ, ಸುತ್ತ ಕೆಂಪು. ಮೊದಲ ದಿನದಿಂದಲೇ ನೋವು ಜೋರು. ಒಂದೆರಡು ವಾರದಲ್ಲಿ ಗುರುತಿಲ್ಲದಂತೆ ಮಾಯುತ್ತದೆ. ಮತ್ತೆ ಬಂದರೂ ಸಾಮಾನ್ಯವಾಗಿ ಬೇರೆ ಜಾಗದಲ್ಲಿ ಬರುತ್ತದೆ.

ಅನುಮಾನಪಡಬೇಕಾದ ಹುಣ್ಣು ಒಂದೇ ಜಾಗದಲ್ಲಿ ಕೂರುತ್ತದೆ, ಹೆಚ್ಚಾಗಿ ನಾಲಿಗೆಯ ಮಗ್ಗುಲಲ್ಲಿ. ಅಂಚು ಉಬ್ಬಿರುತ್ತದೆ. ಬೆರಳಿಟ್ಟು ಒತ್ತಿದರೆ ಅಡಿಯಲ್ಲಿ ಒಣಗಿದ ಅವರೆಕಾಳಿನಂತೆ ಗಟ್ಟಿ ಸಿಗುತ್ತದೆ. ಮೊದಮೊದಲು ನೋವೇ ಇಲ್ಲದಿರಬಹುದು. 'ನೋವಿಲ್ಲವಲ್ಲ, ಹಾಗಾದರೆ ಏನಿಲ್ಲ' ಎಂಬ ಎಣಿಕೆ ತಪ್ಪು. ಈ ಲಕ್ಷಣಗಳನ್ನೂ ಗಮನಿಸಿ: ಕಾರಣವಿಲ್ಲದೆ ರಕ್ತ ಬರುವುದು, ಒಂದೇ ಕಡೆಯ ಕಿವಿಗೆ ಎಳೆಯುವ ನೋವು, ನಾಲಿಗೆ ಜೋಮು ಹಿಡಿದಂತಿರುವುದು, ಚಾಚಿದಾಗ ಒಂದು ಕಡೆಗೆ ಎಳೆಯುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು.

ತಿಂಗಳಿಗೊಮ್ಮೆ ಎರಡು ನಿಮಿಷ

ಬಾಯಿ ಕ್ಯಾನ್ಸರ್ ಪತ್ತೆಗೆ ದೊಡ್ಡ ಯಂತ್ರ ಬೇಕಿಲ್ಲ ಎಂಬುದನ್ನು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನ ತೋರಿಸಿಕೊಟ್ಟಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ದಾಟಿದವರ ಬಾಯಿಯನ್ನು ಬೆಳಕು ಹಾಕಿ ಕಣ್ಣಿಂದಲೇ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ತಪಾಸಣಾ ಶಿಬಿರಗಳು ಹುಡುಕುವುದು ವಯಸ್ಸಾದವರನ್ನು, ಚಟವಿರುವವರನ್ನು. ಚಟವಿಲ್ಲದ ಯುವತಿಯನ್ನು ಹುಡುಕಿಕೊಂಡು ಯಾವ ಶಿಬಿರವೂ ಬರುವುದಿಲ್ಲವಾದ್ದರಿಂದ, ಅವಳ ಬಾಯಿಯನ್ನು ಅವಳೇ ನೋಡಿಕೊಳ್ಳಬೇಕು.

ಕೈ ತೊಳೆದು, ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನಿಲ್ಲಿ. ನಾಲಿಗೆ ಚಾಚಿ ಮೇಲ್ಭಾಗ ನೋಡಿ. ತುದಿಯನ್ನು ತೆಳು ಬಟ್ಟೆಯಲ್ಲಿ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಎಳೆದು, ಅಂಚನ್ನು ಹಿಂದಿನ ದವಡೆಹಲ್ಲಿನವರೆಗೂ ನೋಡಿ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಅಡಿಭಾಗ ನೋಡಿ. ಕೆನ್ನೆಯ ಒಳಭಾಗ, ವಸಡು, ತುಟಿಯ ಒಳಮೈ ನೋಡಿ. ಬೆರಳಿನಿಂದ ನಾಲಿಗೆಯ ಎರಡೂ ಮಗ್ಗುಲನ್ನು ಸವರಿ, ಗಟ್ಟಿ ಜಾಗವಿದೆಯೇ ತಿಳಿಯಿರಿ. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಒತ್ತಿ ನೋಡಿ. ಅನುಮಾನ ಬಂದ ಜಾಗದ ಫೋಟೊ ತೆಗೆದು ದಿನಾಂಕ ಬರೆದಿಡಿ. ಎರಡು ವಾರದ ಲೆಕ್ಕ ಹಿಡಿಯಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಡ.

ಯಾರ ಬಳಿ ಹೋಗಬೇಕು? ಬಯಾಪ್ಸಿ ಎಂದರೇನು?

ಹತ್ತಿರದ ದಂತವೈದ್ಯರು ಅಥವಾ ಕಿವಿ-ಮೂಗು-ಗಂಟಲು ತಜ್ಞರು ಸಾಕು. ಸರ್ಕಾರಿ ದಂತ ಕಾಲೇಜು, ಜಿಲ್ಲಾ ಆಸ್ಪತ್ರೆಯಲ್ಲೂ ನೋಡುತ್ತಾರೆ. ಮೊನಚು ಹಲ್ಲು ಕಾರಣವೆಂದು ಕಂಡರೆ ಅದನ್ನು ಉಜ್ಜಿ ಸರಿಮಾಡಿ, ಎರಡು ವಾರ ಬಿಟ್ಟು ಬರಹೇಳುತ್ತಾರೆ. ಆಗಲೂ ಮಾಯದಿದ್ದರೆ ಮುಂದಿನ ಹೆಜ್ಜೆ ಬಯಾಪ್ಸಿ. ಮತ್ತೊಂದು ಜೆಲ್, ಮತ್ತೊಂದು ವಿಟಮಿನ್ ಮಾತ್ರೆ ಅದಕ್ಕೆ ಬದಲಿಯಲ್ಲ.

ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. 'ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಅದು ನಿಜವಲ್ಲ. ಬಯಾಪ್ಸಿ ತಪ್ಪಿಸಿಕೊಂಡು ಕಳೆಯುವ ಸಮಯದಲ್ಲೇ ಕಾಯಿಲೆ ಹರಡುವುದು.

ಕ್ಯಾನ್ಸರ್ ಎಂದು ಖಚಿತವಾದರೆ ನಾಲಿಗೆ ಮತ್ತು ಕುತ್ತಿಗೆಯ ಎಂಆರ್‌ಐ, ಅಗತ್ಯವಿದ್ದಂತೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಹುಣ್ಣು ಎಷ್ಟು ಅಗಲ ಎಂಬುದರಷ್ಟೇ ಎಷ್ಟು ಆಳ ಎಂಬುದೂ ಮುಖ್ಯ. ಈಗಿನ ವರ್ಗೀಕರಣದಲ್ಲಿ 2 ಸೆಂಟಿಮೀಟರ್ ಮೀರದ, 5 ಮಿಲಿಮೀಟರ್‌ಗಿಂತ ಆಳಕ್ಕಿಳಿಯದ ಗಡ್ಡೆ ಮೊದಲ ದರ್ಜೆಯದು.

ಚಿಕಿತ್ಸೆ ಹೇಗೆ ಸಾಗುತ್ತದೆ?

ನಾಲಿಗೆಯ ಮುಂಭಾಗದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯೇ ಮೊದಲ ಚಿಕಿತ್ಸೆ. ಗಡ್ಡೆಯನ್ನು ಸುತ್ತಲಿನ ಸುಮಾರು 1 ಸೆಂಟಿಮೀಟರ್ ಆರೋಗ್ಯವಂತ ಭಾಗದೊಂದಿಗೆ ತೆಗೆಯುತ್ತಾರೆ. ಆರಂಭದ ಹಂತದಲ್ಲಿ ಹೋಗುವುದು ನಾಲಿಗೆಯ ಸಣ್ಣ ಭಾಗ ಮಾತ್ರ. ಹೆಚ್ಚು ತೆಗೆಯಬೇಕಾದಾಗ ಮುಂಗೈ ಅಥವಾ ತೊಡೆಯ ಚರ್ಮವನ್ನು ರಕ್ತನಾಳದ ಸಮೇತ ತಂದು, ಕುತ್ತಿಗೆಯ ರಕ್ತನಾಳಕ್ಕೆ ಜೋಡಿಸಿ, ನಾಲಿಗೆಯನ್ನು ಮತ್ತೆ ರೂಪಿಸುತ್ತಾರೆ.

'ಹುಣ್ಣಿರುವುದು ನಾಲಿಗೆಯಲ್ಲಿ, ಕುತ್ತಿಗೆ ಯಾಕೆ ಕೊಯ್ಯಬೇಕು?' ಎಂದು ಮನೆಯವರು ಕೇಳುವುದು ಸಹಜ. ನಾಲಿಗೆಯ ಕ್ಯಾನ್ಸರ್ ಬೇಗ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಇಳಿಯುತ್ತದೆ. ಕೈಗೂ ಸ್ಕ್ಯಾನ್‌ಗೂ ಸಿಗದಷ್ಟು ಸಣ್ಣದಾಗಿ ಅಲ್ಲಿ ಸೇರಿಕೊಂಡಿರಬಹುದು. ಇದಕ್ಕೆ ಉತ್ತರ ಕೊಟ್ಟದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ. ಆರಂಭಿಕ ಹಂತದ ಬಾಯಿ ಕ್ಯಾನ್ಸರ್ ಇದ್ದ 500 ರೋಗಿಗಳ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರದು ನಾಲಿಗೆಯ ಕ್ಯಾನ್ಸರ್. ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 80. ಗಂಟು ಕಾಣಿಸಿಕೊಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ 67.5. ಈ ಅಧ್ಯಯನ ಜಗತ್ತಿನೆಲ್ಲೆಡೆ ಚಿಕಿತ್ಸೆಯ ಕ್ರಮವನ್ನು ಗಟ್ಟಿಗೊಳಿಸಿತು.

ಶಸ್ತ್ರಚಿಕಿತ್ಸೆಯ ನಂತರದ ವರದಿ ಮುಂದಿನ ದಾರಿ ಹೇಳುತ್ತದೆ. ಗಡ್ಡೆ ಆಳವಿದ್ದರೆ, ಗ್ರಂಥಿಗೆ ಹಬ್ಬಿದ್ದರೆ ರೇಡಿಯೇಷನ್ ಬೇಕಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ, ಸುಮಾರು 30 ಸಲ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಥವಾ ಗ್ರಂಥಿಯ ಹೊದಿಕೆ ಒಡೆದು ಹೊರಬಂದಿದ್ದರೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧವೂ ಜೊತೆಗೂಡುತ್ತದೆ. ರೇಡಿಯೇಷನ್ ಆಗಲಿ, ಅದರ ಜೊತೆಗಿನ ಕೀಮೋ ಆಗಲಿ, ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ಆರಂಭಿಸುವುದು ಒಳ್ಳೆಯದು. ಊರಿಗೆ ಹೋಗಿ ಸುಧಾರಿಸಿಕೊಂಡು ಬರುತ್ತೇವೆ ಎಂದು ಮುಂದೂಡಬಾರದು. ಮುಂದುವರಿದ ಕಾಯಿಲೆಯಲ್ಲಿ ಇಮ್ಯುನೊಥೆರಪಿಯೂ ಈಗ ಬಳಕೆಗೆ ಬಂದಿದೆ.

ಚಿಕ್ಕ ವಯಸ್ಸಿನಲ್ಲಿ ಬಂದ ಕ್ಯಾನ್ಸರ್ ಹೆಚ್ಚು ಉಗ್ರ ಎಂಬ ಮಾತು ಕಿವಿಗೆ ಬೀಳಬಹುದು. ಅಧ್ಯಯನಗಳು ಈ ಬಗ್ಗೆ ಒಮ್ಮತದಲ್ಲಿಲ್ಲ. ಒಂದೇ ಹಂತದ ರೋಗಿಗಳನ್ನು ಹೋಲಿಸಿದ ಹಲವು ಅಧ್ಯಯನಗಳಲ್ಲಿ ಕಿರಿಯರೂ ಹಿರಿಯರಷ್ಟೇ ಚೆನ್ನಾಗಿ ಚೇತರಿಸಿಕೊಂಡಿದ್ದಾರೆ. ಫಲಿತಾಂಶವನ್ನು ತೀರ್ಮಾನಿಸುವುದರಲ್ಲಿ ವಯಸ್ಸಿಗಿಂತ ಹಂತ ದೊಡ್ಡದು.

ಯುವತಿಯರು ಮೊದಲೇ ಕೇಳಬೇಕಾದ ಮಾತು

ಮುಂದೆ ಮಕ್ಕಳು ಬೇಕೆಂಬ ಆಸೆ ಇದ್ದರೆ ಕೀಮೋ ಆರಂಭವಾಗುವ ಮುನ್ನವೇ ಹೇಳಿ. ಸಿಸ್‌ಪ್ಲಾಟಿನ್ ಅಂಡಾಶಯದ ಮೇಲೆ ಪರಿಣಾಮ ಬೀರಬಹುದು. ಅಂಡಾಣು ತೆಗೆದು ಶೈತ್ಯೀಕರಿಸಿಡಲು ಸುಮಾರು ಎರಡು ವಾರ ಸಾಕು. ಶಸ್ತ್ರಚಿಕಿತ್ಸೆಗೂ ಕೀಮೋಗೂ ನಡುವಿನ ಬಿಡುವಿನಲ್ಲಿ ಅದಕ್ಕೆ ಅವಕಾಶವಿರುತ್ತದೆ. ಮದುವೆಯಾಗದ ಹುಡುಗಿಯೂ ಇದನ್ನು ಸಂಕೋಚವಿಲ್ಲದೆ ಕೇಳಬಹುದು, ಕೇಳಬೇಕು. ಕೀಮೋ, ರೇಡಿಯೇಷನ್ ನಡೆಯುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳುವುದು ಅಗತ್ಯ.

ಬಸುರಿಯಲ್ಲಿ ಬಾಯಿಯ ಸಣ್ಣಪುಟ್ಟ ತೊಂದರೆ ಸಹಜವಾದ್ದರಿಂದ ಹುಣ್ಣನ್ನು ಹೆರಿಗೆಯಾದ ಮೇಲೆ ನೋಡೋಣ ಎನ್ನುವವರಿದ್ದಾರೆ. ಹಾಗೆ ಮಾಡಬೇಡಿ. ಮರಗಟ್ಟಿಸಿ ಮಾಡುವ ಬಯಾಪ್ಸಿ ಗರ್ಭಿಣಿಗೂ ಸುರಕ್ಷಿತ. ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯನ್ನೂ, ಹೆಚ್ಚಾಗಿ ನಡುವಿನ ಮೂರು ತಿಂಗಳಲ್ಲಿ, ಮಾಡಬಹುದು. ರೇಡಿಯೇಷನ್, ಕೀಮೋ ಬಗ್ಗೆ ಹೆರಿಗೆ ತಜ್ಞರೂ ಕ್ಯಾನ್ಸರ್ ತಜ್ಞರೂ ಕೂತು ತೀರ್ಮಾನಿಸುತ್ತಾರೆ. ಹಾಲೂಡಿಸುವ ತಾಯಿ ಕೀಮೋ ಸಮಯದಲ್ಲಿ ಎದೆಹಾಲು ನಿಲ್ಲಿಸಬೇಕಾಗುತ್ತದೆ.

ಊಟ, ಮಾತು, ಚೇತರಿಕೆ

ರೇಡಿಯೇಷನ್‌ಗೆ ಮುನ್ನ ದಂತವೈದ್ಯರಿಗೆ ತೋರಿಸಿ, ಕೆಟ್ಟ ಹಲ್ಲನ್ನು ಮೊದಲೇ ತೆಗೆಸಿಕೊಳ್ಳಿ. ಗಾಯ ಆರಲು ಎರಡು ವಾರವಾದರೂ ಬೇಕು. ರೇಡಿಯೇಷನ್ ಆದ ಮೇಲೆ ಹಲ್ಲು ಕೀಳಿಸಿದರೆ ದವಡೆಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಆ ನಂತರ ಯಾವ ದಂತವೈದ್ಯರ ಬಳಿ ಹೋದರೂ ಈ ಚಿಕಿತ್ಸೆಯ ವಿಷಯ ಮೊದಲು ಹೇಳಿ.

ರೇಡಿಯೇಷನ್‌ನಿಂದ ಬಾಯಿ ಹುಣ್ಣಾಗುವ ವಾರಗಳಲ್ಲಿ ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು, ಒಂದು ಚಿಕ್ಕ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಸಲ ಮುಕ್ಕಳಿಸಿ. ಖಾರ, ಹುಳಿ, ಗರಿಗರಿ ತಿಂಡಿ ಬಿಡಿ. ರಾಗಿ ಗಂಜಿ, ಮೊಸರನ್ನ, ನುಣ್ಣಗೆ ಬೆಂದ ಬೇಳೆ, ಮೊಟ್ಟೆ ಮೈಗೆ ಹತ್ತುತ್ತವೆ. ತೂಕ ಇಳಿದು ಚಿಕಿತ್ಸೆ ನಿಲ್ಲಬಾರದೆಂಬ ಕಾರಣಕ್ಕೆ ಕೆಲವರಿಗೆ ಮೂಗಿನ ಮೂಲಕ ಊಟದ ಕೊಳವೆ ಹಾಕುತ್ತಾರೆ. ಅದು ತಾತ್ಕಾಲಿಕ, ಹೆದರಬೇಕಿಲ್ಲ.

ಟ, ಡ, ಣ, ಳ, ರ ಅಕ್ಷರಗಳಿಗೆ ನಾಲಿಗೆಯ ತುದಿ ಮೇಲೇಳಲೇಬೇಕು. ಹಾಗಾಗಿ ಶಸ್ತ್ರಚಿಕಿತ್ಸೆಯ ನಂತರ ಮೊದಲು ಎಡವುವುದು ಇಲ್ಲೇ. ವಾಕ್ ಚಿಕಿತ್ಸಕರ ಬಳಿ ಬೇಗ ಅಭ್ಯಾಸ ಆರಂಭಿಸಿದರೆ ಮಾತು ಬಹಳಮಟ್ಟಿಗೆ ತಿಳಿಯಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ನೆರವಿಗೆ ಹೆಸರಾದ ಕೇಂದ್ರ. ದವಡೆ ಬಿಗಿಯದಂತೆ ಬಾಯಿ ತೆರೆಯುವ ವ್ಯಾಯಾಮ, ಕುತ್ತಿಗೆಯ ಶಸ್ತ್ರಚಿಕಿತ್ಸೆಯಾದವರಿಗೆ ಭುಜ ಜೋಲದಂತೆ ಫಿಸಿಯೋಥೆರಪಿ ದಿನವೂ ಬೇಕು.

ಮರುಕಳಿಸುವಿಕೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ ಕಾಣಿಸುವುದರಿಂದ, ವೈದ್ಯರು ಬರೆದುಕೊಟ್ಟ ತಪಾಸಣೆಯ ಒಂದು ದಿನವನ್ನೂ ತಪ್ಪಿಸಬೇಡಿ. ಕುತ್ತಿಗೆಗೆ ರೇಡಿಯೇಷನ್ ಆದವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಎಲ್ಲಿ, ಖರ್ಚು ಹೇಗೆ?

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೂ ಒಂದು ಭಾಗ ಸಿಗುತ್ತದೆ. ಪಡಿತರ ಚೀಟಿ, ಆಧಾರ್ ಹಿಡಿದು ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ಮೊದಲ ದಿನವೇ ವಿಚಾರಿಸಿ. ತಂಬಾಕು ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಸಹಾಯವಾಣಿ 1800 11 2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮನೆಯವರಿಗೆ

ನಮ್ಮಲ್ಲಿ ಹೆಣ್ಣುಮಕ್ಕಳು ಮಗುವಿನ ಜ್ವರಕ್ಕೆ ಅದೇ ದಿನ ಆಸ್ಪತ್ರೆಗೆ ಓಡುತ್ತಾರೆ, ತಮ್ಮ ನಾಲಿಗೆಯ ಹುಣ್ಣಿಗೆ ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ದಿನ ದೂಡುತ್ತಾರೆ. ಖಾರ ತಿನ್ನಲು ಆಗುತ್ತಿಲ್ಲ ಎಂದು ಮಗಳೋ ಹೆಂಡತಿಯೋ ಸೊಸೆಯೋ ವಾರಗಟ್ಟಲೆ ಹೇಳುತ್ತಿದ್ದರೆ, ಅವಳಾಗಿ ಹೊರಡಲೆಂದು ಕಾಯದೆ ನೀವೇ ಕರೆದುಕೊಂಡು ಹೋಗಿ. ಕುತ್ತಿಗೆಯ ಮೇಲಿನ ಗೆರೆ, ತೊದಲುವ ಮಾತು ಮದುವೆಗೆ, ಸಂಸಾರಕ್ಕೆ, ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದೂ ಮನೆಯವರ ಕೈಯಲ್ಲೇ ಇದೆ.

ಒಬ್ಬ ವೈದ್ಯರು ನೋಡಿ 'ಏನಿಲ್ಲ' ಎಂದ ಮೇಲೂ ಹುಣ್ಣು ಅಲ್ಲೇ ಇದ್ದರೆ ಮತ್ತೆ ಹೋಗಿ. ತೆಗೆದಿಟ್ಟ ಫೋಟೊ ತೋರಿಸಿ, ಎಷ್ಟು ವಾರವಾಯಿತೆಂದು ಹೇಳಿ, 'ಇದಕ್ಕೆ ಬಯಾಪ್ಸಿ ಬೇಕಲ್ಲವೇ?' ಎಂದು ನೀವೇ ಕೇಳಿ. ಆಗಲೂ ಸಮಾಧಾನವಾಗದಿದ್ದರೆ ಇನ್ನೊಬ್ಬ ವೈದ್ಯರನ್ನು ಕಾಣಿ.